ಬೆಕ್ಕು ಆರಿಸಿದ ಹಕ್ಕಿ

ಯುದ್ಧಕಾಲದಲ್ಲಿ ಜಪಾನಿ ಕುಟುಂಬಗಳನ್ನು ಕೂಡಿಹಾಕಿದ್ದ ಅಮೆರಿಕದ ಆ ಮರುಭೂಮಿ ಶಿಬಿರದಲ್ಲಿ, ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ ಹಕ್ಕಿ ಕೆತ್ತುವುದರಲ್ಲಿ ತನ್ನನ್ನು ಮೀರಿಸುವವರು ಮೂರು ಲೋಕದಲ್ಲೂ ಇಲ್ಲವೆಂದು ಕುಮಾಜೋ ನಂಬಿದ್ದ. ಹಕ್ಕಿಯ ಕಾಲಿಗೆ ತಂತಿ ಬೇಕೆಂದು ತನ್ನ ಕಿಟಕಿಯ ಸೊಳ್ಳೆಪರದೆಯನ್ನೇ ಕತ್ತರಿಸಿ, ಆನೆಗಾತ್ರದ ಸೊಳ್ಳೆಗಳಿಗೆ ರಕ್ತ ಕೊಟ್ಟಿದ್ದ. ಆದರೆ ಶಿಬಿರದವರ ಕೆತ್ತನೆಗಳ ಪ್ರದರ್ಶನದ ದಿನ ಒಳನುಗ್ಗಿದ ಬೆಕ್ಕು ಅವನ ಹಕ್ಕಿಯನ್ನು ಮೂಸಿಯೂ ನೋಡದೆ, ಪಕ್ಕದ ಕೋಣೆಯ ಹಿಸಾನೋ ಕೆತ್ತಿದ ಗುಬ್ಬಿಯನ್ನು ಕಚ್ಚಿಕೊಂಡು ಓಡಿತು. ಜನರೆಲ್ಲ ಹಿಸಾನೋಳನ್ನು ಹೊಗಳಿದ್ದೇ ಹೊಗಳಿದ್ದು. ಕುಮಾಜೋನ ಹೊಟ್ಟೆಯುರಿಯಲ್ಲಿ ಇಡೀ ಶಿಬಿರದ ಅನ್ನ ಬೇಯುತ್ತಿತ್ತು.

ಮರುದಿನ ಅವನು ತನ್ನ ಹಕ್ಕಿಗೆ ಒಣಮೀನು ತಿಕ್ಕಿ ಬೆಕ್ಕಿನ ಮುಂದಿಟ್ಟ. ಬೆಕ್ಕು ನೆಕ್ಕಿ ನೆಕ್ಕಿ ಮೀನಿನ ರುಚಿ ಮುಗಿಸಿ, ಹಕ್ಕಿಯನ್ನು ಅಲ್ಲೇ ಬಿಟ್ಟು ಹೋಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಿಸಾನೋ, "ಬೇಜಾರು ಮಾಡ್ಕೋಬೇಡಿ ಅಣ್ಣ, ಹೊಳಪಂತೂ ಚೆನ್ನಾಗಿ ಬಂದಿದೆ" ಅಂದಳು.