ಕರೆಂಟಿಗಾಗಿ ಒಂದು ಜಗಳ

ಓರಗಿತ್ತಿಯರಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿ, ಒಂದೇ ಮೀಟರಿನಲ್ಲಿ ದುಡಿಯುತ್ತಿದ್ದರು. ದೊಡ್ಡವಳದು ಮೋಟಾರಿನ ಹೊಲಿಗೆ ಯಂತ್ರ, ಚಿಕ್ಕವಳದು ಇಸ್ತ್ರಿ. ಕರೆಂಟಿನ ದರ ಏರಿದಾಗ ಸರಕಾರವೇನೋ ಬಡವರ ಬಿಲ್ಲು ತಾನೇ ಕಟ್ಟುತ್ತೇನೆಂದಿತು. ಆದರೆ ಮಿತಿಯೊಳಗೆ ಉರಿಸುವ ಮನೆಗೆ ಮಾತ್ರ. ಎರಡು ಸಂಸಾರ ಒಂದೇ ಮೀಟರಿನಲ್ಲಿ ಓಡಿದರೆ ಮಿತಿ ಎಲ್ಲಿ ಉಳಿದೀತು? ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಬಾಕಿ ಬೆಳೆದು, ಫ್ಯೂಸ್ ಕೀಳುತ್ತೇವೆಂದು ಎಚ್ಚರಿಕೆಯೂ ಬಂತು. ಫ್ಯೂಸ್ ಹೋದರೆ ಯಂತ್ರವೂ ಇಲ್ಲ, ಇಸ್ತ್ರಿಯೂ ಇಲ್ಲ, ಇಬ್ಬರ ಅನ್ನಕ್ಕೂ ಕುತ್ತು. ಬೇರೆ ಮೀಟರು ಬೇಕೆಂದರೆ ಸಂಸಾರ ಬೇರೆಯಾದದ್ದನ್ನು ಅಧಿಕಾರಿ ಕಣ್ಣಾರೆ ನೋಡಬೇಕು.

ಗಂಡಂದಿರು ಅಡುಗೆಮನೆಯ ನಡುವೆ ಪ್ಲೈವುಡ್ ನಿಲ್ಲಿಸಿ ಅದಕ್ಕೊಂದು ಬಾಗಿಲಿಟ್ಟರು.

"ಗೋಡೆ ಸಾಲದು, ಜಗಳಾನೂ ಬೇಕು," ಎಂದಳು ದೊಡ್ಡವಳು. ಬಾಯಿಯೇ ಅವಳ ಬಂಡವಾಳ. "ನಾನು ಬೈತೀನಿ, ನೀನೂ ತಿರುಗಿ ಬೈ."

"ನಂಗೆ ಬೈಯೋಕೇ ಬರಲ್ಲ ಅಕ್ಕಾ," ಎಂದು ಚಿಕ್ಕವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಅಧಿಕಾರಿ ಬಂದ. ಪ್ಲೈವುಡ್ಡನ್ನು ಬೆರಳಿನಿಂದ ಕುಟ್ಟಿ ನೋಡಿದ. "ಹೊಸ ಗೋಡೆ. ದಿನಾ ಇಂಥದ್ದು ನೋಡ್ತೀನಮ್ಮ."

ದೊಡ್ಡವಳು ಶುರು ಮಾಡಿಯೇಬಿಟ್ಟಳು. ಉಪ್ಪಿನಿಂದ ಹಿಡಿದು ಸ್ನಾನದ ಬಿಸಿನೀರಿನವರೆಗೆ ಜಗಳ ತೆಗೆದಳು. ಚಿಕ್ಕವಳು ನಗು ತಡೆಯಲು ತುಟಿ ಕಚ್ಚಿದಳು. ಅಧಿಕಾರಿಗೆ ಅದು ಕಾಣಿಸಿತು. ಪೆನ್ನು ಜೇಬಿಗಿಟ್ಟು ಹೊಸ್ತಿಲತ್ತ ತಿರುಗಿದ.

ಮೀಟರು ಕೈತಪ್ಪಿತೆಂದುಕೊಂಡಳು ದೊಡ್ಡವಳು. ನಾಲಿಗೆ ಹಿಡಿತ ತಪ್ಪಿತು.

"ಮನೆ ತುಂಬ ಲೈಟು ಹಾಕ್ಕೊಂಡು ಯಾರನ್ನೇ ಕಾಯ್ತೀಯ? ನಿನ್ನ ಹೊಟ್ಟೇಲಿ ಒಂದೂ ನಿಲ್ಲಲಿಲ್ವಲ್ಲ!"

ಚಿಕ್ಕವಳ ನಗು ಅಲ್ಲೇ ಸತ್ತಿತು. ಕೈಯಲ್ಲಿದ್ದ ಯಾರದೋ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅಧಿಕಾರಿ ಅವಳ ಮುಖವನ್ನೊಮ್ಮೆ ನೋಡಿ, ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದ.

"ನೀವು ಬೇರೆ ಇರೋದೇ ಒಳ್ಳೇದು ತಾಯಿ," ಎಂದು ಅವಳಿಗೆ ಹೇಳಿ ಹೋದ.

ಹೊಸ ಮೀಟರು ಬಂತು. ಎರಡೂ ಮನೆಗೆ ನೆರವೂ ಬಂತು. ಯಂತ್ರ ಓಡಿತು, ಇಸ್ತ್ರಿ ಕಾಯಿತು. ಚಿಕ್ಕವಳು ಮಾತ್ರ ಈ ಕಡೆ ಬರಲಿಲ್ಲ. ತಡೆಯಲಾರದೆ ದೊಡ್ಡವಳೇ ಹೋಗಿ ಬಾಗಿಲು ತಟ್ಟಿದಳು.

"ನಾಟಕ ಕಣೇ ಅದು! ಅವನು ಹೊರಟೇಬಿಟ್ಟಿದ್ನಲ್ಲ, ಬಾಯಿಗೆ ಬಂದದ್ದು ಅಂದ್ಬಿಟ್ಟೆ."

"ಗೊತ್ತು ಅಕ್ಕಾ. ಅಷ್ಟು ಬೇಗ ಬಾಯಿಗೆ ಬರಬೇಕಾದ್ರೆ ಎಷ್ಟು ದಿನದಿಂದ ಮನಸ್ಸಲ್ಲಿತ್ತೋ."

ಇಲ್ಲವೆನ್ನಲು ದೊಡ್ಡವಳು ಬಾಯಿ ತೆರೆದಳು. ತನ್ನ ಒಂದೊಂದು ಕೂಸನ್ನೂ ಇವಳ ಮಡಿಲಿಗೆ ಹಾಕುವಾಗ ಮರುಕದ ಜೊತೆಗೆ ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇದ್ದದ್ದು ನೆನಪಾಯಿತು. ಬಾಯಿಬಡುಕಿಗೆ ಆ ಹೊತ್ತು ಒಂದು ಸುಳ್ಳೂ ಹುಟ್ಟಲಿಲ್ಲ. ನಾಚಿಕೆಯಿಂದ ಸತ್ತಂತಾಯಿತು.

"ಒಲೆ ಮೇಲೆ ಅನ್ನ ಇಟ್ಟಿದೀನಿ ಅಕ್ಕಾ," ಎಂದು ಚಿಕ್ಕವಳು ಮೆಲ್ಲಗೆ ಬಾಗಿಲು ಮುಂದೆ ಮಾಡಿದಳು.