ಕಾಲುವೆ ಸೇತುವೆಯ ಸದ್ದು

‘ಹಾಸಿಗೆ ಇದ್ದಷ್ಟು ಕಾಲು ಮಡಚು’ ಎಂದು ಗಾದೆ. ಗಾದೆ ಹಾಗಿಲ್ಲ ಎನ್ನುವವರು ಆ ಬೆಳಿಗ್ಗೆ ಸಿರುಗುಪ್ಪದ ಮೈಕ್‌ಸೆಟ್ ಗವಿಸಿದ್ದಪ್ಪನ ಮನೆಯ ಮುಂದೆ ಇರಬೇಕಿತ್ತು. ಕಟ್ಟುಕತೆಯಲ್ಲ, ನಡೆದದ್ದನ್ನೇ ಹೇಳುವುದು: ನಾಲ್ವರು ಗಂಡಸರು ಒಂದು ಮರದ ಕುರ್ಚಿಯನ್ನು ಆಂಬುಲೆನ್ಸಿನೊಳಗೆ ತುರುಕಲು ಓರೆ ಮಾಡಿ, ನೆಟ್ಟಗೆ ಮಾಡಿ, ಹಿಂದುಮುಂದು ಮಾಡಿ ಬೆವರುತ್ತಿದ್ದರು. ಕುರ್ಚಿಯಲ್ಲಿ ಗವಿಸಿದ್ದಪ್ಪ ಕೂತಿದ್ದ. ಹಣೆಗೆ ವಿಭೂತಿ, ಕೊರಳಿಗೆ ಚೆಂಡು ಹೂವು, ಬಾಯಿ ತೆರೆಯದಂತೆ ಗದ್ದದಿಂದ ನೆತ್ತಿಗೆ ಬಿಗಿದ ಬಿಳಿ ಬಟ್ಟೆ.

ಹಿಂದಿನ ದಿನ ಬಳ್ಳಾರಿಯ ಆಸ್ಪತ್ರೆಯಲ್ಲಿ ಜೀವ ಹೋಗಿತ್ತು. ಕೂತಂತೆಯೇ ಹೂಳುವ ಲಿಂಗಾಯತರ ಪದ್ಧತಿಯಂತೆ ಮನೆಗೆ ತಂದವರು ಕೂರಿಸಿದ್ದರು. ಬೆಳಗಾಗುವಷ್ಟರಲ್ಲಿ ದೇಹ ಕೂತಂತೆಯೇ ಸೆಟೆದುಕೊಂಡಿತ್ತು. ಇತ್ತ ಅವನ ಹೆಂಡತಿಯ ತಮ್ಮ ಗಾದಿಲಿಂಗಪ್ಪ, ಗಡಿಬಿಡಿಯಲ್ಲಿ ಅದನ್ನೆಲ್ಲ ಮರೆತು, ಮಲಗಿಸಿ ಒಯ್ಯುವ ಗಾಡಿ ತರಿಸಿದ್ದ.

“ತಲಿ ತಗ್ಗಿಸ್ರಿ, ಸ್ವಲ್ಪ ತಲಿ ತಗ್ಗಿಸ್ರಿ,” ಎಂದ ಆಂಬುಲೆನ್ಸಿನ ಡ್ರೈವರ್.

“ಯಾರಿಗಪಾ ಹೇಳಾಕತ್ತಿ? ಅವ್ರು ಇದ್ದಾಗನ ಯಾರ ಮಾತೂ ಕೇಳಿದವರಲ್ಲ,” ಎಂದಳು ಹೆಂಡತಿ ಚನ್ನವೀರಮ್ಮ. ಬೆಳಗಿನಿಂದ ಅತ್ತು ಮುಗಿಸಿ, ಈಗ ಅವಳಿಗೆ ಸಿಟ್ಟು ಬಂದಿತ್ತು. “ಇಳಸ್ರಿ ಕೆಳಗ. ಕುರುಗೋಡಿನಾಗ ನಮ್ಮ ತಮ್ಮನ ಹೊಲದಾಗ ಕುಣಿ ತೋಡಿಸ್ಕೊಂಡು ಐನೋರು ಕಾಯಾಕತ್ಯಾರ. ನಮ್ಮ ವ್ಯಾನಿನಾಗ ಒಯ್ಯೋಣು. ಕುಂತ್ಕೊಂಡ ಹೋಗ್ಲಿ.”

“ಆ ಡಬ್ಬಿಯೊಳಗ?” ಗಾದಿಲಿಂಗಪ್ಪ ಕುರ್ಚಿಯ ಕಾಲು ಬಿಟ್ಟು ನಿಂತ. “ಅಕ್ಕಾ, ಅದು ಕಟ್ ಕಟ್ ಅಂತೈತಿ ಅಂತ ವರ್ಷಾನುಗಟ್ಟಲೆ ನಮ್ಮ ಮನಿಗಿ ಬರದ ಅರ್ಧ ದಾರ್ಯಾಗಿಂದ ತಿರಗಿ ಹೋದಾಕಿ ನೀನ. ಇವತ್ತ ಸ್ಟೇರಿಂಗ್ ಕಳಚಿ ಬಿತ್ತಂದ್ರ ಒಂದು ಕುಣಿ ಸಾಲೂದಿಲ್ಲ ನೋಡು.”

ತಮ್ಮ ಹೇಳಿದ್ದು ನಿಜ. ಆ ಸದ್ದಿಗೆ ಅವಳಷ್ಟು ಹೆದರಿದವರು ಸಿರುಗುಪ್ಪದಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮೆಕ್ಯಾನಿಕ್ ಪಕ್ಕೀರಪ್ಪ ವ್ಯಾನಿನ ಮುಂದಿನ ಗಾಲಿಯನ್ನು ಜ್ಯಾಕಿನ ಮೇಲೆ ಎತ್ತಿಯಾಗಿತ್ತು. ಅವನ ಮುಖದಲ್ಲಿ ದುಃಖಕ್ಕಿಂತ ಅಪಮಾನ ಹೆಚ್ಚಿತ್ತು.

“ಇಲ್ಲಿ ಬರ್ರಿ, ಹಿಡದು ಅಲ್ಲಾಡ್ಸಿ ನೋಡ್ರಿ. ಮ್ಯಾಲ-ಕೆಳಗ ಅಲ್ಲಾಡಿದ್ರ ಗಾಲಿ ಹಿಡದಿರೋ ಬಾಲ್ ಜಾಯಿಂಟ್ ಹೋಗೈತಿ ಅಂತ. ಎಡಕ್ಕ-ಬಲಕ್ಕ ಅಲ್ಲಾಡಿದ್ರ ಸ್ಟೇರಿಂಗಿನ ಟೈ ರಾಡ್ ಎಂಡ್ ಹೋಗೈತಿ ಅಂತ. ಇದು ಅಲ್ಲಾಡತೈತೇನು?”

ಗಾದಿಲಿಂಗಪ್ಪ ಎರಡೂ ಕೈಯಿಂದ ಜಗ್ಗಿದ. ಗಾಲಿ ಮಿಸುಕಲಿಲ್ಲ.

“ಒಳ್ಳೆ ರಸ್ತೆದಾಗ ಲಕ್ಷ ಕಿಲೋಮೀಟರ್ ಬರೋ ಸಾಮಾನ್ರಿ ಇವು. ನಮ್ಮ ತಗ್ಗು, ಗದ್ದಿ ಕೆಸರಿಗೆ ಅದರ ಅರ್ಧ ಬಂದ್ರ ದೊಡ್ಡದು. ರಬ್ಬರ್ ಟೋಪಿ ಹರಿದು ಒಳಗ ಮಣ್ಣು ಹೋತಂದ್ರ ಮುಗೀತು. ರಬ್ಬರ್ ಬುಷ್ ಅಂತೂ ಗಾಡಿ ನಿಂತಲ್ಲೇ ನಿಂತಿದ್ರೂ ವಯಸ್ಸಿಗೆ ಸೀಳತಾವು. ಆದ್ರ ಈ ಗಾಡ್ಯಾಗ ಯಾವುದನ್ನೂ ಸವೆಯಾಕ ನಾ ಬಿಟ್ಟಿಲ್ಲ. ಸದ್ದು, ಸದ್ದು ಅಂತ ಬಂದಾಗೆಲ್ಲ ಹೊಸಾದು ಹಾಕೀನಿ. ಇದ್ರಾಗ ಸವದದ್ದು ನಾನೊಬ್ಬನ.”

ಕೊನೆಗೆ ವ್ಯಾನಿನ ನಡುವಿನ ಸೀಟು ಬಿಚ್ಚಿ, ಮೈಕಿನ ಪೆಟ್ಟಿಗೆ ಇಡುತ್ತಿದ್ದ ಜಾಗದಲ್ಲಿ ಕುರ್ಚಿ ಇಟ್ಟು, ಶಾಮಿಯಾನದ ಹಗ್ಗದಿಂದ ಬಿಗಿದರು. ಪಕ್ಕೀರಪ್ಪ ಸ್ಟೇರಿಂಗ್ ಹಿಡಿದ. ಚನ್ನವೀರಮ್ಮ ಪಕ್ಕದಲ್ಲಿ ಕೂತಳು. ಗಾದಿಲಿಂಗಪ್ಪ ಹಿಂದೆ, ಒಂದು ಕೈಯಲ್ಲಿ ಮಾವನ ಭುಜ, ಇನ್ನೊಂದರಲ್ಲಿ ತನ್ನ ಜೀವ ಹಿಡಿದುಕೊಂಡು.

*

ಗವಿಸಿದ್ದಪ್ಪ ಮೈಕು ಪರೀಕ್ಷಿಸುವಾಗ ‘ಹಲೋ ಹಲೋ’ ಎಂದವನಲ್ಲ. ಚಾಲೂ ಆಗದ ಟ್ರ್ಯಾಕ್ಟರ್ ಆಗುತ್ತಿದ್ದ, ಬಳ್ಳಾರಿ ಬಸ್ಸಿನ ಕಂಡಕ್ಟರ್ ಆಗುತ್ತಿದ್ದ, ಒಮ್ಮೆ ಕರೂರಿನ ಮದುವೆಯಲ್ಲಿ ಬೀಗರ ಕೆಮ್ಮು ಆಗಿ ಪೇಚಿಗೆ ಸಿಕ್ಕಿದ್ದ. ಕರೂರು, ದೇಶನೂರು ಎಂದು ಊರೂರ ಮದುವೆಗೆ ಮೈಕು ಹಾಕಿ, ಬೆಳಗಿನ ಜಾವ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದು ಮಲಗುತ್ತಿದ್ದ. ಮನೆಯಲ್ಲಿ ಅವನ ದನಿ ಕೇಳುವುದು ಆಷಾಢದಲ್ಲಿ, ಇಲ್ಲವೆ ಮುಹೂರ್ತವಿಲ್ಲದ ದಿನ.

ಅಂಥ ದಿನವೇ ಚನ್ನವೀರಮ್ಮ, “ಕುರುಗೋಡಿಗಿ ಹೋಗಿ ತಮ್ಮನ್ನ ನೋಡ್ಕೊಂಡು ಬರೋಣ,” ಎನ್ನುತ್ತಿದ್ದಳು. ಅವನು ಒಲ್ಲೆ ಎಂದವನಲ್ಲ. ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ವ್ಯಾನು ತೆಗೆಯುತ್ತಿದ್ದ. ಕಾಲುವೆ ಸೇತುವೆಯ ಉಬ್ಬು ಹತ್ತಿಳಿಯುತ್ತಿದ್ದಂತೆ ಶುರು:

ಕಟ್ ಕಟ್. ಕಟಾ.

“ಕೇಳಿದೇನ?” ಎಂದು ಅವನು ವೇಗ ಇಳಿಸುತ್ತಿದ್ದ. ಅವಳು ಎರಡೂ ಕೈಯಿಂದ ಹಿಡಿಕೆ ಹಿಡಿಯುತ್ತಿದ್ದಳು.

“ಹೋಗ್ತೈತಿ ಬಿಡು. ನಿಮ್ಮ ತಮ್ಮನ ಮನಿ ಮುಟ್ಟಿಸೇ ಮುಟ್ಟಸ್ತೈತಿ.”

“ಬ್ಯಾಡ್ರಿ. ನಿಲ್ಲಸ್ರಿ. ಪಕ್ಕೀರಪ್ಪಗ ಫೋನ್ ಹಚ್ರಿ.”

ಪಕ್ಕೀರಪ್ಪ ಬರುವವರೆಗೆ ಇಬ್ಬರೂ ಸೇತುವೆಯ ಕಟ್ಟೆಯ ಮೇಲೆ. ಅಲ್ಲಿಯ ಬಂಡಿಯಿಂದ ಮಂಡಕ್ಕಿ, ಮಿರ್ಚಿ. ಅವಳಿಗೆ ಖಾರ ತಡೆಯದು. ಅವನು ಮೆಣಸಿನಕಾಯಿ ತಾನು ತಿಂದು ಹಿಟ್ಟಿನ ಭಾಗ ಅವಳಿಗೆ ಕೊಡುತ್ತಿದ್ದ. ಆ ಸುಗ್ಗಿಯ ಮದುವೆಗಳನ್ನೆಲ್ಲ ಒಂದೊಂದಾಗಿ, ಬೀಗರ, ಬೀಗತಿಯರ, ಅಡುಗೆಯವರ ದನಿಯಲ್ಲಿ ನಡೆಸಿ ತೋರಿಸುತ್ತಿದ್ದ.

“ನನ್ನ ಜಲ್ಮ ಎಲ್ಲಾ ಈ ಸೇತುವಿ ಮ್ಯಾಲ ಹೋತು,” ಎಂದು ಅವಳು ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ ಬೈಯುತ್ತಿದ್ದಳು.

*

ಸೇತುವೆ ಕಂಡಿತು. ಚನ್ನವೀರಮ್ಮನ ಕೈ ತಾನಾಗಿ ಹಿಡಿಕೆಗೆ ಹೋಯಿತು. ಗಾದಿಲಿಂಗಪ್ಪ ಹಿಂದಿನಿಂದ ಶಿವಶಿವಾ ಎಂದ. ಪಕ್ಕೀರಪ್ಪ ಹಲ್ಲು ಕಚ್ಚಿಕೊಂಡು ಉಬ್ಬು ಹತ್ತಿಸಿದ, ಇಳಿಸಿದ.

ಏನೂ ಇಲ್ಲ. ಗಾಳಿಯ ಸದ್ದು, ಎಂಜಿನ್ನಿನ ಸದ್ದು, ಅಷ್ಟೆ.

“ಹಿಂದಕ್ಕ ಒಯ್ಯಿ. ಇನ್ನೊಮ್ಮಿ ಹಾಯ್ಸು,” ಎಂದಳು ಚನ್ನವೀರಮ್ಮ.

“ಅಕ್ಕಾ, ಅಲ್ಲಿ ಐನೋರು ಕಾಯಾಕತ್ಯಾರ. ಹೆಣಾ ಇಟ್ಕೊಂಡು ಟ್ರಯಲ್ ನೋಡ್ತಾರೇನು?”

“ಹಿಂದಕ್ಕ ಒಯ್ಯಿ ಅಂದೆ.”

ಮತ್ತೆ ಹಾಯಿಸಿದರು. ಸದ್ದಿಲ್ಲ. ಪಕ್ಕೀರಪ್ಪ ಉಬ್ಬಿನ ಆಚೆ ಗಾಡಿ ನಿಲ್ಲಿಸಿಬಿಟ್ಟ.

“ನಾ ಒಬ್ಬನ ಓಡ್ಸಿದಾಗೂ ಎಂದೂ ಬಂದಿಲ್ಲರಿ ಅದು. ಅಣ್ಣಾರು ಜೊತಿಗಿದ್ರ ಬರ್ತಿತ್ತು. ಅವರ ತೂಕಕ್ಕ ಅಂತ ತಿಳಕೊಂಡು ಶಾಕ್ ಅಬ್ಸಾರ್ಬರ್ ಸೈತ ಬದಲ್ಸಿದೆ. ಊರಾಗೆಲ್ಲ ಏನಂತಾರ ಗೊತ್ತೇನ್ರಿ? ಪಕ್ಕೀರಪ್ಪಗ ಒಂದು ಸದ್ದು ಹುಡುಕಾಕ ಬರೂದಿಲ್ಲ ಅಂತಾರ.”

“ತೂಕ ಅಂದ್ರ ಇವತ್ತೂ ಅದಾರಲ್ಲ ಮಾವ, ಕುರ್ಚಿ ಸಮೇತ,” ಎಂದ ಗಾದಿಲಿಂಗಪ್ಪ.

“ಅದ ನನಗೂ ತಿಳಿವಲ್ದು. ಗಾಡಿ ಅದ ಐತಿ. ಸೇತುವಿ ಅದ ಐತಿ. ಅಣ್ಣಾರೂ ಅದಾರ. ಇವತ್ತ ಏನು ಬ್ಯಾರೆ ಆಗೈತಿ?”

ಚನ್ನವೀರಮ್ಮ ಹೊರಳಿ ಗಂಡನನ್ನು ನೋಡಿದಳು. ನೋಡುತ್ತಲೇ ಇದ್ದಳು. ಗದ್ದದಿಂದ ನೆತ್ತಿಗೆ ಬಿಗಿದ ಬಿಳಿ ಬಟ್ಟೆ. ಅದರ ನಡುವೆ ಗಟ್ಟಿಯಾಗಿ ಮುಚ್ಚಿದ ಬಾಯಿ.

“ಬಾಯಿ ಕಟ್ಟೀರಲ್ಲ,” ಎಂದಳು ಮೆಲ್ಲಗೆ.

ಪಕ್ಕೀರಪ್ಪ ಹಣೆಯನ್ನು ಸ್ಟೇರಿಂಗಿಗೆ ಹಚ್ಚಿ ಕೂತ. “ನಾಕು ಸಲ ಬಾಲ್ ಜಾಯಿಂಟ್ ಬಿಚ್ಚೀನ್ರಿ ಅಣ್ಣಾರ,” ಎಂದ, ಹಿಂದಿನ ಕುರ್ಚಿಗೆ.

ಗಾದಿಲಿಂಗಪ್ಪನಿಗೆ ಬೇರೆಯೇ ಉರಿ. “ಅಂದ್ರ ನಮ್ಮ ಮನಿಗಿ ಬರಬಾರದು ಅಂತ ಇಷ್ಟು ವರ್ಷ ನಾಟಕ? ನಮ್ಮ ಮನ್ಯಾಗ ಉಂಡ್ರ ಏನಾಗ್ತಿತ್ತು ಇವರಿಗೆ? ಹೋಳಿಗಿ ಮಾಡಿಸಿ ಕಾದೀನಿ ನಾನು, ಹೋಳಿಗಿ.”

ಚನ್ನವೀರಮ್ಮನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ತಮ್ಮ ಮಾತು ನಿಲ್ಲಿಸಿ ಕೈ ಚಾಚಿದ. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡು ಕಿಟಕಿಯಾಚೆ ನೋಡಿದಳು. ಕಟ್ಟೆಯ ಹತ್ತಿರ ಮಿರ್ಚಿ ಬಂಡಿಯವನು ವ್ಯಾನಿನ ಗುರುತು ಹಿಡಿದು, ರೂಢಿಯಂತೆ ಎರಡು ಕಾಗದ ಹರಿದು ಮಂಡಕ್ಕಿ ಕಟ್ಟಲು ಶುರು ಮಾಡಿದ್ದ.

“ನಿಮ್ಮ ಮನ್ಯಾಗ ಈ ಮಿರ್ಚಿ ಇರ್ತಿದ್ದಿಲ್ಲಲೇ ತಮ್ಮಾ,” ಎಂದಳು. “ನಡಿ ಪಕ್ಕೀರಪ್ಪ. ಇವತ್ತ ತಿರಗಸೂದು ಇಲ್ಲ.”

ವ್ಯಾನು ಹೊರಟಿತು. ಮುಂದೆ ಒಂದು ತಗ್ಗು. ಅದಕ್ಕೆ ಗಾಲಿ ಇಳಿಯುತ್ತಿದ್ದಂತೆ ಎಡಗಡೆಯಿಂದ ಬಂತು:

ಕಟ್ ಕಟ್. ಕಟಾ.

ಪಕ್ಕೀರಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಗಾದಿಲಿಂಗಪ್ಪ ಮುಗ್ಗರಿಸಿ ಕುರ್ಚಿ ತಬ್ಬಿಕೊಂಡ. ಹಗ್ಗ ಜಗ್ಗಿ ಕುರ್ಚಿ ವಾಲಿ, ಬಿಳಿ ಬಟ್ಟೆ ಕಟ್ಟಿದ ತಲೆ ಹೌದೆನ್ನುವಂತೆ ಒಮ್ಮೆ ತೂಗಿತು. ‘ಕಟಾ’ ಎಂದ ನಾಲಿಗೆಯನ್ನು ಇನ್ನೂ ಅಂಗುಳಕ್ಕೆ ಹಚ್ಚಿಕೊಂಡಿದ್ದ ಚನ್ನವೀರಮ್ಮ ಅದನ್ನು ಕಂಡಳು. ಮೊದಲು ಪಕ್ಕೀರಪ್ಪ ನಕ್ಕ, ಆಮೇಲೆ ಒಲ್ಲದ ಮನಸ್ಸಿನಿಂದ ಗಾದಿಲಿಂಗಪ್ಪ; ಅವಳ ನಗು ಅವರಿಬ್ಬರದನ್ನೂ ಮುಳುಗಿಸಿ ಕಿಟಕಿ ದಾಟಿ ಹೋಗಿ, ಗದ್ದೆಯಲ್ಲಿ ಇಳಿದಿದ್ದ ಬೆಳ್ಳಕ್ಕಿಗಳನ್ನೆಲ್ಲ ಒಮ್ಮೆಗೇ ಎಬ್ಬಿಸಿತು.