ಬೇರೆಯವರ ಮಂಟಪ

ದಿಶಾ ತನ್ನ ಮದುವೆಗೆ ಬೇರೆಯವರ ಮಂಟಪವನ್ನು ಗೊತ್ತು ಮಾಡಿದಳು.

ಡೊಂಬಿವಲಿ ಪೂರ್ವದ ಆ ಹಾಲ್‌ನಲ್ಲಿ ಬೆಳಿಗ್ಗೆ ಒಂದು ಮರಾಠಿ ಕುಟುಂಬದ ಮದುವೆ ಇತ್ತು. ಮಧ್ಯಾಹ್ನದ ಊಟ ಮುಗಿಸಿ ಅವರು ಹೊರಟುಹೋಗುತ್ತಾರೆ. ಅವರು ದುಡ್ಡು ಸುರಿದು ಕಟ್ಟಿಸಿದ ಗುಲಾಬಿ, ಸುಗಂಧರಾಜದ ಮಂಟಪ ಅಲ್ಲೇ ಉಳಿಯುತ್ತದೆ. ಆಮೇಲೆ ಡೆಕೋರೇಟರನ ಕಡೆಯವರು ಬಂದು ಅದನ್ನು ಕಿತ್ತು, ಗೋಣಿಗೆ ತುಂಬಿ ಕಸದ ಗಾಡಿಗೆ ಎಸೆಯುತ್ತಾರೆ. ಕಸಕ್ಕೆ ಹೋಗುವ ಹೂವಿನ ಕೆಳಗೆ ಸಂಜೆ ಇನ್ನೊಂದು ಮದುವೆ ನಡೆದರೆ ಯಾರ ಗಂಟು ಹೋಗುತ್ತದೆ ಎಂದು ದಿಶಾ ಹಾಲ್‌ನ ಮ್ಯಾನೇಜರ್ ಅನಿಲಕುಮಾರನನ್ನು ಕೇಳಿದಳು. ಹಾಗೆ ಕೇಳಿದವರು ಅವನಿಗೆ ಇದುವರೆಗೆ ಸಿಕ್ಕಿರಲಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಒಪ್ಪಿದ. ಸಂಜೆ ಹೊತ್ತಿನಲ್ಲಿ ಯಾವ ಮುಹೂರ್ತ ಎಂದು ಗೊಣಗಿದ ನೆಂಟರ ಬಾಯಿಯನ್ನು ಪುರೋಹಿತ ಶ್ರೀಕಂಠ ಭಟ್ಟರೇ ಮುಚ್ಚಿಸಿದರು. ಗೋಧೂಳಿ ಲಗ್ನ ಇದೆ, ಅದಕ್ಕೆ ಪಂಚಾಂಗವನ್ನು ಹೆಚ್ಚು ತಡಕುವುದೂ ಬೇಕಿಲ್ಲ ಎಂದರು.

ಒಪ್ಪದೆ ಉಳಿದವನು ಅವಳ ಅಪ್ಪ ಭುಜಂಗ. ಧಾರೆ ಎರೆಯಬೇಕಾದವನು ಅವನೇ.

ದಿಶಾ ಜಿಪುಣಿ. ಅದನ್ನು ಮುಚ್ಚಿಡುವ ಅಗತ್ಯ ಅವಳಿಗೆ ಎಂದೂ ಕಂಡಿಲ್ಲ. ಟೂತ್‌ಪೇಸ್ಟ್ ಮುಗಿದಾಗ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ ಇನ್ನೊಂದು ವಾರ ಹಲ್ಲುಜ್ಜುತ್ತಾಳೆ. ಮಹಾಪೆಯ ಕಂಪನಿಯಲ್ಲಿ ಒಳ್ಳೆಯ ಸಂಬಳ ಬಂದರೂ ಲೋಕಲ್ ರೈಲಿನಲ್ಲಿ ಸೆಕೆಂಡ್ ಕ್ಲಾಸ್ ಪಾಸಿನಲ್ಲೇ ನುಗ್ಗಿ ಹೋಗುತ್ತಾಳೆ. ಫಸ್ಟ್ ಕ್ಲಾಸಿನವರು ಇಳಿಯುವುದೂ ಅದೇ ಥಾಣೆಯಲ್ಲಿ ತಾನೇ ಎನ್ನುತ್ತಾಳೆ. ಒಂದು ದಿನ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕಿಗೆ ಕಾಂಟ್ರಿಬ್ಯೂಷನ್ ಕೇಳುತ್ತಾ ಬಂದರು. ಕೊಡುವುದಿಲ್ಲ ಎಂದಳು. ಕೊಡದವರಿಗೆ ಕೇಕು ಇಲ್ಲ ಎಂದರು. ಬೇಡ ಎಂದಳು. ಆಚೆ ಮೂಲೆಯಿಂದ ಇನ್ನೊಂದು ದನಿಯೂ ಬೇಡ ಎಂದಿತು. ಎಲ್ಲರೂ ಕೇಕು ತಿನ್ನಲು ಹೋದ ಮೇಲೆ ಖಾಲಿ ಆಫೀಸಿನಲ್ಲಿ ಉಳಿದವರು ಅವಳು ಮತ್ತು ಮೈಸೂರಿನ ಸುಪ್ರೀತ್.

ಸುಪ್ರೀತ್ ರಾತ್ರಿಯ ಊಟಕ್ಕೆ ತುರ್ಭೆಯ ಖಾನಾವಳಿಗೆ ಹೋಗುತ್ತಿದ್ದ. ಹಮಾಲರು ಉಣ್ಣುವ ಜಾಗ. ಅಲ್ಲಿ ಅನ್ನ ಎಷ್ಟು ಕೇಳಿದರೂ ಹಾಕುತ್ತಾರೆ ಎಂಬುದಷ್ಟೇ ಅವನ ಕಾರಣ. ರಜೆಯ ದಿನ ಇಬ್ಬರೂ ಮನೆಯಿಂದ ಚಪಾತಿ ಕಟ್ಟಿಕೊಂಡು ಖಾರಘರದ ಗುಡ್ಡದ ಬುಡಕ್ಕೆ ಹೋಗಿ ಕೂರುತ್ತಿದ್ದರು. ಗುಡ್ಡಕ್ಕೆ ಟಿಕೆಟ್ ಇರಲಿಲ್ಲ. ಪ್ರೀತಿ ಮಾಡಲು ಕಾಫಿ ಶಾಪು ಬೇಕು ಎಂದು ಹೇಳುವವರನ್ನು ಕಂಡು ಇಬ್ಬರೂ ಮನಸಾರೆ ನಗುತ್ತಿದ್ದರು. ಅವರು ಯಾರ ಬಿಲ್ಲಿನ ಮೇಲೂ ಉಂಡವರಲ್ಲ, ಯಾರಿಂದಲೂ ಸಾಲ ಎತ್ತಿದವರಲ್ಲ. ಆದರೂ ಆಫೀಸಿನಲ್ಲಿ ಅವರಿಗೆ ಕಂಜೂಸ್ ಜೋಡಿ ಎಂದೇ ಹೆಸರು. ತಿಂಗಳ ಕೊನೆಗೆ ಆ ಹೆಸರಿಟ್ಟವರೇ ಕೈಸಾಲ ಕೇಳಲು ಬರುತ್ತಿದ್ದರು. ಅದಕ್ಕೂ ಇವರು ಇಲ್ಲ ಎನ್ನುತ್ತಿದ್ದರು.

ಭುಜಂಗನಿಗೆ ಇದೆಲ್ಲ ರೋಗದ ಹಾಗೆ ಕಾಣುತ್ತಿತ್ತು. ಥಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಲು ಸೇರಿ, ಬಡಿಸಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಮ್ಯಾನೇಜರ್ ಆದವನು ಅವನು. ಕಣ್ಣೆದುರು ಯಾರದೇ ತಟ್ಟೆ ಖಾಲಿ ಕಂಡರೂ ಅವನ ಕೈ ಸುಮ್ಮನಿರುವುದಿಲ್ಲ. ಮುಂಬಯಿಯಲ್ಲಿರುವ ಊರವರ ಮದುವೆ, ಗೃಹಪ್ರವೇಶ ಒಂದನ್ನೂ ತಪ್ಪಿಸದೆ ಉಂಡು ಬಂದಿದ್ದ. ಅಷ್ಟೂ ಜನರನ್ನು ಕರೆದು, ಥಾಣೆಯ ದೊಡ್ಡ ಹಾಲ್‌ನಲ್ಲಿ ಎಲೆ ಹಾಕಿ, ಎರಡು ಬಗೆಯ ಪಾಯಸ ಬಡಿಸಿದರೆ ಮಾತ್ರ ತಾನು ಮುಖ ಎತ್ತಿ ತಿರುಗಬಹುದು ಎಂಬುದು ಅವನ ಲೆಕ್ಕ. ಅದಕ್ಕೆ ಮಾನ್ಪಾಡಾ ರಸ್ತೆಯ ರೂಮು-ಕಿಚನ್ ಮನೆಯನ್ನು ಅಡವಿಡಬೇಕಿತ್ತು. ಮದುವೆಯ ಮಾತೆದ್ದ ದಿನದಿಂದ ಆ ಮನೆಯಲ್ಲಿ ಜಗಳವೂ ಎದ್ದಿತು.

“ರೂಮಿನ ಮೇಲೆ ಲೋನ್ ತೆಗೆದ್ರೆ ಎಂತ ಆಗ್ತದೆ? ರೂಮು ಎಲ್ಲಿಗೂ ಓಡಿ ಹೋಗುದಿಲ್ಲ.”

“ರೂಮು ಓಡುದಿಲ್ಲ ಪಪ್ಪಾ, ನೀವು ಓಡಬೇಕಾಗ್ತದೆ. ಬಾದ್ ಮೇ ಎಲ್ಲಿ ಇರ್ತೀರಿ, ಹಾಲ್‌ನಲ್ಲಾ?”

“ನೀನು ಮದುವೆ ಆಗುದಾ, ಸೇಲಿನಲ್ಲಿ ಸಾಮಾನು ತರುದಾ? ಬೇರೆಯವರ ಎಂಜಲು ಹೂವಿನ ಅಡಿಯಲ್ಲಿ ನಾನು ಧಾರೆ ಎರೆಯುದಿಲ್ಲ.”

“ದೇವರಿಗೆ ಹಾಕಿದ ಹೂ ಪ್ರಸಾದ. ಮದುಮಗಳಿಗೆ ಹಾಕಿದ್ದು ಎಂಜಲಾ?”

ಮಾತಿನಲ್ಲಿ ಸೋತಾಗಲೆಲ್ಲ ಭುಜಂಗ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ. ಅಂದೂ ಹೋದ. ಅಪ್ಪ ಬರದಿದ್ದರೆ ಮದುವೆ ನಿಲ್ಲುತ್ತಿರಲಿಲ್ಲ. ಸೋದರಮಾವ ಲಕ್ಷ್ಮೀಕಾಂತ ತಾನು ಎರೆಯುತ್ತೇನೆ ಎಂದಿದ್ದ. ಆದರೆ ದಿಶಾಳಿಗೆ ಅಪ್ಪನ ಕೈಯೇ ಬೇಕಿತ್ತು. ಯಾರ ಬಳಿಯೂ ಏನನ್ನೂ ಕೇಳದ ಅವಳು ಕೇಳಿದ್ದು ಅದೊಂದನ್ನೇ. ಅದಕ್ಕಾಗಿ ಸಾಲದ ಮದುವೆಗೆ ಒಪ್ಪುವುದು ಮಾತ್ರ ಸಾಧ್ಯವಿಲ್ಲ ಎಂದು ಅಮ್ಮ ಚಂಪಾಳಿಗೆ ಸ್ಪಷ್ಟವಾಗಿ ಹೇಳಿದಳು. ಚಂಪಾ ಹೀರೆಕಾಯಿಯ ಸಿಪ್ಪೆಯನ್ನು ಚಟ್ನಿಗೆಂದು ಬೇರೆ ಎತ್ತಿಡುತ್ತಾ ಕೂತಿದ್ದಳು.

ಮೇ ತಿಂಗಳ ಆ ಭಾನುವಾರ ಬೆಳಗಿನ ಮದುವೆಯವರು ಹೇಳಿದ ಹೊತ್ತಿಗೇ ಹೊರಟರು. ಮಂಟಪ ನಿಜಕ್ಕೂ ಚೆನ್ನಾಗಿತ್ತು. ಸುಪ್ರೀತ್ ಅದರ ಸುತ್ತ ಒಂದು ಸುತ್ತು ಬಂದು, ಮಾರ್ಕೆಟ್‌ನಲ್ಲಿ ಈ ಗುಲಾಬಿಗೆ ಏನು ರೇಟು ನಡೆಯುತ್ತಿದೆ ಎಂದು ಹೇಳಿ ಖುಷಿಪಟ್ಟ. ಹಾಲ್‌ನ ಕರೆಂಟಿಗೆ ಬೇರೆ ಮೀಟರ್ ಇತ್ತು, ಓಡಿದಷ್ಟೂ ಬಿಲ್ಲು. ಜನ ಬರುವುದು ಸಂಜೆಗೆ, ಅಲ್ಲಿಯವರೆಗೆ ಖಾಲಿ ಕುರ್ಚಿಗಳಿಗೆ ಏಸಿ ಯಾಕೆ ಎಂದು ದಿಶಾ ಅನಿಲಕುಮಾರನಿಗೆ ಹೇಳಿ ಏಸಿ, ಫ್ಯಾನು ಎಲ್ಲ ಆರಿಸಿದಳು. ಪಾರಿವಾಳ ನುಗ್ಗುತ್ತವೆ ಎಂದು ಅವನು ಕಿಟಕಿಗಳನ್ನೂ ಮುಚ್ಚಿದ. ಹಾಲ್ ಇದ್ದದ್ದು ಕಟ್ಟಡದ ಮೇಲಿನ ಮಹಡಿಯಲ್ಲಿ, ತಗಡಿನ ಮಾಡಿನ ಕೆಳಗೆ. ಎಲ್ಲರೂ ಅಲಂಕಾರಕ್ಕೆಂದು ಕೆಳಗಿನ ಕೋಣೆಗೆ ಇಳಿದರು.

ಸೀರೆ ಉಟ್ಟು ಮೇಲೆ ಬಂದು ಬಾಗಿಲು ತೆಗೆದಾಗ ಒಳಗಿನಿಂದ ಬೇಯಿಸಿದ ಹೂವಿನ ವಾಸನೆ ಮುಖಕ್ಕೆ ಹೊಡೆಯಿತು. ಸುಗಂಧರಾಜ ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿತ್ತು. ಗುಲಾಬಿಯ ಎಸಳುಗಳು ಹಸೆಯ ಮೇಲೆ ಉದುರಿದ್ದವು. ಉಳಿದವು ತಲೆ ಕೆಳಗೆ ಹಾಕಿ ನೇತಾಡುತ್ತಿದ್ದವು.

“ಕರೆಂಟು ಉಳಿಸಿದ್ವಿ,” ಎಂದ ಸುಪ್ರೀತ್.

ಅಷ್ಟರಲ್ಲಿ ನೆಂಟರು ಬರತೊಡಗಿದ್ದರು. ಉಡುಗೊರೆ ಬೇಡ ಎಂದು ಮೊದಲೇ ತಿಳಿಸಿದ್ದರಿಂದ ಎಲ್ಲರೂ ಕೈಬೀಸಿಕೊಂಡೇ ಬಂದಿದ್ದರು. ಉಡುಗೊರೆ ತೆಗೆದುಕೊಂಡರೆ ನಾಳೆ ಅವರ ಮನೆಗೆ ಮುಯ್ಯಿ ಮಾಡಬೇಕು, ಅದಕ್ಕಿಂತ ಬೇಡ ಎನ್ನುವುದೇ ಅಗ್ಗ ಎಂಬುದು ದಿಶಾಳ ತರ್ಕ. ಅಪ್ಪನ ತಂಗಿ ಸುಂದರಿ ಮಂಟಪದ ಮುಂದೆ ನಿಂತು ಕತ್ತು ಎತ್ತಿ ನೋಡಿದಳು.

“ಇದು ಮದುವೆಯ ಮಂಟಪವಾ, ಬೊಜ್ಜದ್ದಾ ಮಾರಾಯ್ತಿ?”

ಸತ್ತವರ ಹದಿಮೂರನೆಯ ದಿನವನ್ನು ಮದುವೆಯಲ್ಲಿ ಹೆಸರಿಸಿದ್ದಕ್ಕೆ ಕೆಲವರು ಅವಳನ್ನು ಗದರಿದರು. ಗದರಿದವರೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಆಗ ಕೆಳಗೆ ಟೆಂಪೊ ನಿಂತ ಸದ್ದಾಯಿತು. ಬಂದವನು ಭುಜಂಗ. ಕಲ್ಯಾಣದ ಹೂವಿನ ಮಾರ್ಕೆಟ್‌ನಿಂದ ಟೆಂಪೊ ತುಂಬ ಹೂ ತಂದಿದ್ದ, ಜೊತೆಗೆ ಹೂವಿನ ವ್ಯಾಪಾರಿ ಅಂಬಾರಾಯನನ್ನೂ. ಅಂಬಾರಾಯನ ಆಳುಗಳು ಒದ್ದೆ ಗೋಣಿಯ ಗಂಟುಗಳನ್ನು ಹೊತ್ತು ತಂದು ಬಾಗಿಲ ಬಳಿ ಇಳಿಸಿದರು. ಮಗಳು ಎಂಜಲು ಮಂಟಪದಲ್ಲಿ ನಿಲ್ಲುವುದನ್ನು ನೋಡಲಾರದೆ ಭುಜಂಗ ಬೆಳಿಗ್ಗೆಯೇ ಇದನ್ನು ಏರ್ಪಾಡು ಮಾಡಿಕೊಂಡಿದ್ದ. ಹೋಟೆಲಿನಲ್ಲಿ ಪಾಯಸ, ಹೋಳಿಗೆ ಸಿದ್ಧವಿತ್ತು, ಒಂದು ಫೋನು ಮಾಡಿದರೆ ಹೊರಡುತ್ತಿತ್ತು. ಎಲ್ಲವೂ ಸಾಲದಲ್ಲಿ. ಸೋಮವಾರ ರೂಮಿನ ಕಾಗದ ಬ್ಯಾಂಕಿಗೆ ಕೊಟ್ಟ ಮೇಲೆ ತೀರಿಸುವುದು ಎಂದು ಅವನೇ ಎಲ್ಲರ ಮುಂದೆ ಹೇಳಿದ. ಆಮೇಲೆ ಅವನ ಕಣ್ಣು ಬಾಡಿದ ಮಂಟಪದ ಮೇಲೆ ಬಿತ್ತು. ಸಿಟ್ಟಾಗಲಿಲ್ಲ. ಗೆದ್ದವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತ.

“ನೋಡಿದ್ಯಾ ಮಗಾ. ನೀನು ಉಳಿಸಿದ್ದು ಇಷ್ಟೇ. ಇನ್ನು ಬದಿಗೆ ಸರಿ, ಹೂ ಕಟ್ಟಲಿ. ನಾನೇ ಧಾರೆ ಎರೆಯುತ್ತೇನೆ.”

ಅಂಬಾರಾಯನಿಗೆ ಅವಸರವಿತ್ತು. “ಗಂಟು ಬಿಚ್ಚಿದ್ರ ನಿಮ್ಮ ಮಾಲ್ರಿ, ಬಿಚ್ಚಲಿಲ್ಲಂದ್ರ ನನ್ನ ಮಾಲು. ಲಗೂನ ಹೇಳ್ರಿ, ಇನ್ನೊಂದು ಕಡೆ ಕೊಡೂದದ,” ಎಂದ.

ದಿಶಾ ಗಂಟುಗಳನ್ನು ನೋಡಿದಳು. ಒಂದು ಹುರಿ ಎಳೆದರೆ ಅಪ್ಪ ಹಸೆಯ ಮೇಲೆ ಬಂದು ಕೂರುತ್ತಾನೆ. ಅದೇ ಹುರಿಗೆ ಮಾನ್ಪಾಡಾ ರಸ್ತೆಯ ರೂಮೂ ಕಟ್ಟಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಟಪದ ಬಳಿಗೆ ಹೋದಳು. ಕೈಗೆ ಸಿಕ್ಕ ಬಾಡಿದ ಸರವನ್ನು ಹಿಡಿದು ಎಳೆದಳು. ಅದು ತಂತಿಯ ಸಮೇತ ಕಿತ್ತು ಬಂತು. ಸುಪ್ರೀತ್ ಒಂದು ಮಾತೂ ಕೇಳದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹತ್ತಿ ಮೇಲಿನ ಸಾಲನ್ನು ಕೀಳತೊಡಗಿದ. ಭಟ್ಟರು ತಲೆಯ ಮೇಲೆ ಬಿದ್ದ ಎಸಳನ್ನು ಕೊಡವಿಕೊಂಡು ಸುಮ್ಮನೆ ಕೂತರು. ಸ್ವಲ್ಪ ಹೊತ್ತಿನಲ್ಲಿ ಮಂಟಪದಲ್ಲಿ ಉಳಿದದ್ದು ತುಕ್ಕು ಹಿಡಿದ ಪೈಪುಗಳು, ಅವುಗಳ ಮೇಲೆ ಕೊಳೆಯಾದ ಬಿಳಿ ಬಟ್ಟೆ. ಬೆಳಗಿನ ವೈಭವದ ಕೆಳಗೆ ಇದ್ದದ್ದೂ ಇದೇ.

“ಪೈಪಿನ ಅಡಿಯಲ್ಲಿ ಮದುವೆಯಾ?” ಭುಜಂಗ ಕೇಳಿದ. “ಜನ ಎಂತ ಹೇಳಿಯಾರು?”

“ಕಂಜೂಸ್ ಅಂತ ಹೇಳ್ತಾರೆ. ಇವತ್ತು ಶುರು ಆದದ್ದಲ್ಲ ಅದು. ಏಸಿ ಆರಿಸಿ ಹೂ ಹಾಳು ಮಾಡಿದ್ದು ನಾನೇ, ಒಪ್ತೇನೆ. ಅದಕ್ಕೆ ನಿಮ್ಮ ರೂಮು ದಂಡ ಕಟ್ಟುದು ಬೇಡ. ಗಂಟು ವಾಪಸ್ ಹೋಗ್ಲಿ. ನೀವು ಬನ್ನಿ ಪಪ್ಪಾ. ನೀವು ಬರ್ಲೇಬೇಕು ಅಂತ ನಂಗೆ ಇದೆ. ಆದ್ರೆ ನೀವು ಮಾತ್ರ ಬನ್ನಿ.”

ಭುಜಂಗ ಗಂಟುಗಳ ಪಕ್ಕದಲ್ಲೇ ನಿಂತಿದ್ದ. ಲಕ್ಷ್ಮೀಕಾಂತ ತಾನು ಬರಲೇ ಎಂದು ಕಣ್ಣಲ್ಲೇ ಕೇಳಿದ. ದಿಶಾ ಬೇಡ ಎಂದು ತಲೆಯಾಡಿಸಿದಳು. ಹೊರಗೆ ಬೆಳಕು ಇಳಿಯುತ್ತಿತ್ತು. ಮುಹೂರ್ತ ಜಾರುತ್ತಿದೆ ಎಂದು ಭಟ್ಟರು ನೆನಪಿಸಿದರು.

ಆಗ ಚಂಪಾ ಎದ್ದಳು. ಧಾರೆಯ ಗಿಂಡಿಯನ್ನು ಎತ್ತಿಕೊಂಡು ಹೋಗಿ ಬರಿಯ ಪೈಪುಗಳ ಕೆಳಗೆ ಮಣೆಯ ಮೇಲೆ ಕೂತಳು. ಪಕ್ಕದ ಮಣೆ ಖಾಲಿಯಿತ್ತು. ಗಂಡನ ಕಡೆ ನೋಡಿ, ಜೋರಾಗಿಯೂ ಅಲ್ಲದೆ ಮೆಲ್ಲಗೂ ಅಲ್ಲದೆ ಹೇಳಿದಳು.

“ಹೊರಗೆ ನೀವು ಊರಿಗೆಲ್ಲ ಬಡಿಸಿದ್ದೀರಿ. ಮನೆಯಲ್ಲಿ ತಿಳಿಸಾರು ಉಂಡದ್ದು ನಾವು. ಇವಳಿಗೆ ಜಿಪುಣತನ ಆಕಾಶದಿಂದ ಬಂದದ್ದಲ್ಲ, ನಾನು ಕಲಿಸಿದ್ದು. ಅದರಿಂದಾಗಿಯೇ ಆ ರೂಮು ಇನ್ನೂ ನಮ್ಮ ಹೆಸರಲ್ಲಿ ಉಂಟು. ಬರುದಾದ್ರೆ ಬನ್ನಿ. ಆ ಹುರಿ ಬಿಚ್ಚುದಾದ್ರೆ ಈ ಮಣೆ ಖಾಲಿ ಇರ್ಲಿ.”

ಭುಜಂಗ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಅಭ್ಯಾಸದಂತೆ ಚಪ್ಪಲಿಗಾಗಿ ಬಾಗಿಲ ಕಡೆ ತಿರುಗಿದ. ಚಪ್ಪಲಿಗಳ ರಾಶಿಯ ಮೇಲೆಯೇ ಆಳುಗಳು ಹೂವಿನ ಗಂಟು ಹೇರಿದ್ದರು. ಸ್ವಲ್ಪ ಹೊತ್ತು ಆ ಗಂಟುಗಳನ್ನೇ ನೋಡುತ್ತಾ ನಿಂತ. ಆಮೇಲೆ ಬಗ್ಗಿ ಒಂದು ಗಂಟನ್ನು ತಾನೇ ಎತ್ತಿ, ಬಿಚ್ಚದೆ, ಅಂಬಾರಾಯನ ಆಳಿನ ತಲೆಯ ಮೇಲಿಟ್ಟ.

“ಟೆಂಪೊ ಬಾಡಿಗಿ ಮಾತ್ರ ಕೊಡ್ರಿ,” ಎಂದ ಅಂಬಾರಾಯ. ಬಾಸಿಂಗ ಕಟ್ಟಿಕೊಂಡಿದ್ದ ಸುಪ್ರೀತ್ ಮುಂದೆ ಬಂದು ಆ ಬಾಡಿಗೆಯಲ್ಲೂ ಚೌಕಾಸಿ ಮಾಡಿದ. ಇಂಥ ಮದುಮಗನನ್ನು ತಾನು ಕಂಡಿಲ್ಲ ಎನ್ನುತ್ತಾ ಅಂಬಾರಾಯ ಮೆಟ್ಟಿಲಿಳಿದ.

ಭುಜಂಗ ಕಾಲು ತೊಳೆದು ಬಂದು ಮಣೆಯ ಮೇಲೆ ಕೂತ. ಯಾರ ಮುಖವನ್ನೂ ನೋಡಲಿಲ್ಲ. ಬಂದವರಿಗೆ ಇನ್ನು ಗೋಳಿಬಜೆ, ಕೇಸರಿಬಾತು, ಕಾಫಿ ಅಷ್ಟೇ ಎಂಬುದು ಅವನಿಗೆ ಗೊತ್ತಿತ್ತು. ಭಟ್ಟರು ಮಂತ್ರ ಹೇಳಿದರು. ದಿಶಾ, ಸುಪ್ರೀತ್ ಕೈಗೆ ಕೈ ಸೇರಿಸಿ ಚಾಚಿದರು. ಚಂಪಾಳ ಕೈಯಿಂದ ಭುಜಂಗ ಗಿಂಡಿಯನ್ನು ಹೆಚ್ಚುಕಡಿಮೆ ಕಿತ್ತುಕೊಂಡ. ನೀರು ಸಣ್ಣಗೆ ಬೀಳಬೇಕಿತ್ತು. ಅವನು ಗಿಂಡಿಯನ್ನು ಪೂರ್ತಿ ಬಗ್ಗಿಸಿದ. ನೀರು ಅವರ ಕೈ ತುಂಬಿ, ತಟ್ಟೆ ತುಂಬಿ, ಸೀರೆಯ ನೆರಿಗೆಗೆ ಇಳಿಯಿತು. ಸಾಕು ಎಂದರು ಭಟ್ಟರು. ಅವನಿಗೆ ಕೇಳಿಸಲಿಲ್ಲ.

“ಇದಕ್ಕಾದ್ರೂ ಲೆಕ್ಕ ಹಾಕ್ಬೇಡ,” ಎಂದ ಮಗಳಿಗೆ. “ನೀರು.”

“ಟ್ಯಾಂಕರಿನದ್ದು ಪಪ್ಪಾ,” ಎಂದಳು ದಿಶಾ. “ಇದಕ್ಕೂ ಬಿಲ್ ಉಂಟು.”

ಅವನು ಎರೆಯುವುದನ್ನು ನಿಲ್ಲಿಸಲಿಲ್ಲ. ಅವಳು ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.